ಆನ್‌ಲೈನ್ ಓದುಕೂಟ: ಫ್ರೇಗೆಯಿಂದಲೇ ಶುರು ಮಾಡುವುದಾ?

ಕದ್ರಿಗುಡ್ಡೆ:
ಭಾಷೆ, ತರ್ಕ ಬಿಡಿಸಿ ನೋಡುವ ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರ ಓದಲಿಕ್ಕೆ ಆನ್‌ಲೈನಿನಲ್ಲಿ ಒಂದು ಕೂಟ ಕಟ್ಟುವ ಅಂತ ಇದ್ದೇನೆ. ಮಂಗಳೂರು, ಉಡುಪಿ ಕಡೆಯವರು ಮೊದಲು ಹೇಳಿ. ಎರಡು ವರ್ಷದ ಹಿಂದೆ ಒಮ್ಮೆ ಮಾಡಿದ್ದೆ, ವಿಟ್ಗೆನ್‌ಸ್ಟೈನನ ‘ಟ್ರ್ಯಾಕ್ಟೇಟಸ್’ ಹಿಡಿದು. ಮೊದಲ ದಿನ ಇಪ್ಪತ್ತಮೂರು ಜನ, ನಾಲ್ಕನೇ ವಾರಕ್ಕೆ ಮೂರು. ಆ ಮೂವರಲ್ಲೂ ಒಬ್ಬರು ಬೈಕಿನಲ್ಲಿ ಹೋಗ್ತಾ ಇದ್ದರು, ನಂತೂರು ಸರ್ಕಲಿನ ಹಾರ್ನ್ ಎಲ್ಲ ನಮಗೆ ಕೇಳ್ತಾ ಇತ್ತು. ಯಾರಿಗೂ ಓದಿ ಬರಲಿಕ್ಕೆ ಆಗಲಿಲ್ಲ, ಓದದೆ ಬಾಯಿ ತೆರೆಯಲಿಕ್ಕೆ ನಾಚಿಕೆ, ಹಾಗೆ ಒಬ್ಬೊಬ್ಬರೇ ಬಿಟ್ಟರು.

ಈ ಸಲ ಓದಿ ಬರುವ ನಿಯಮವೇ ಬೇಡ. ಅಲ್ಲೇ ಗಟ್ಟಿಯಾಗಿ ಓದುವುದು, ಪ್ಯಾರಾ ಮುಗಿದಲ್ಲಿ ನಿಲ್ಲಿಸಿ ಮಾತಾಡುವುದು. ಜರ್ಮನ್ ತಾರ್ಕಿಕ ಗೊಟ್ಲೋಬ್ ಫ್ರೇಗೆಯ 1892ರ ಲೇಖನ, ‘ಊಬರ್ ಜಿನ್ ಉಂಟ್ ಬೆಡೊಯ್ಟುಂಗ್’. ಹೆಸರು ತೋರಿಸುವ ವಸ್ತು ‘ಬೆಡೊಯ್ಟುಂಗ್’, ಆ ವಸ್ತು ತೋರುವ ಬಗೆ ‘ಜಿನ್’, ಇವೆರಡರ ವ್ಯತ್ಯಾಸದ ಬಗ್ಗೆ. ಮೂಲದಲ್ಲಿ ಇಪ್ಪತ್ತೈದು ಪುಟದಷ್ಟು ಉಂಟು, ವಾರಕ್ಕೆ ಮೂರು ಪುಟ ಹಿಡಿದರೆ ಎಂಟೊಂಬತ್ತು ವಾರ. ಕೈಯಲ್ಲಿ ಇಂಗ್ಲಿಷ್ ಅನುವಾದ, ಮಾತು ಕನ್ನಡದಲ್ಲಿ. ಭಾನುವಾರ ಸಂಜೆ ಏಳಕ್ಕೆ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದು ಹೋಗುತ್ತದೆ, ಅದನ್ನೇ ಲೆಕ್ಕ ಇಟ್ಟುಕೊಳ್ಳುವ: 40 ನಿಮಿಷ ಓದು, ಚಾ ಕುಡಿದು ಬಂದು ಮತ್ತೆ 40. ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಎಂತ ಹೇಳ್ತೀರಿ?

ಸುರತ್ಕಲ್_ಕೋಡರ್:
ಕೂಟ ಬೇಕು, ಫ್ರೇಗೆ ಬೇಡ. ಎಂಟು ವಾರ ಅಂದ ಕೂಡಲೇ ಜನ ಹಿಂದೆ ಸರೀತಾರೆ. ಎಡ್ಮಂಡ್ ಗೆಟಿಯರನ 1963ರ ಲೇಖನ ಬರೀ ಮೂರು ಪುಟ, ಕೂತಲ್ಲೇ ಮುಗೀತದೆ. ಆಧಾರ ಇರುವ, ನಿಜವೂ ಆಗಿರುವ ನಂಬಿಕೆಯೇ ಜ್ಞಾನ ಅಂತ ಇದ್ದ ಲಕ್ಷಣವನ್ನು, ಅಂದರೆ ವ್ಯಾಖ್ಯೆಯನ್ನು, ಎರಡೇ ಉದಾಹರಣೆಯಲ್ಲಿ ಬೀಳಿಸಿದ. ಕೆಲಸಕ್ಕೆ ಅರ್ಜಿ ಹಾಕಿದ ಸ್ಮಿತ್, ಜೇಬಿನಲ್ಲಿ ಹತ್ತು ನಾಣ್ಯ. ಕೆಲಸ ಜೋನ್ಸ್‌ಗೆ, ಜೋನ್ಸ್‌ನ ಜೇಬಿನಲ್ಲಿ ಹತ್ತು ನಾಣ್ಯ ಅನ್ನಲಿಕ್ಕೆ ಅವನಿಗೆ ಆಧಾರ ಉಂಟು, ಹಾಗೆ ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯ ಅಂತ ನಂಬ್ತಾನೆ. ಕೆಲಸ ಸಿಗುವುದು ಸ್ಮಿತ್‌ಗೇ, ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ ಹತ್ತೇ. ಯಾರಿಗೂ ತಲೆಗೆ ಹೋಗುವ ಕಥೆ. ಮೊದಲ ವಾರ ಗೆದ್ದರೆ ಜನ ಉಳೀತಾರೆ.

ರಥಬೀದಿ_ತಾರ್ಕಿಕ:
“ಬರೀ ಮೂರು ಪುಟ” ಅನ್ನುವವರು 12ನೇ ಶತಮಾನದ ಶ್ರೀಹರ್ಷನ ‘ಖಂಡನಖಂಡಖಾದ್ಯ’ ತೆರೆದು ನೋಡಿ. ಜೂಜಾಡುವವ ಮುಷ್ಟಿಯಲ್ಲಿ ಕವಡೆ ಹಿಡಿದು ಎಷ್ಟು ಅಂತ ಕೇಳ್ತಾನೆ. ಎದುರಿನವ ಸುಮ್ಮನೆ ಐದು ಅಂತಾನೆ, ಐದೇ ಇರುತ್ತದೆ. ಹೇಳಿದ್ದು ನಿಜ, ಆದರೆ ಅದು ಜ್ಞಾನವಾ? ಎಂಟುನೂರು ವರ್ಷ ಮೊದಲೇ ಕೇಳಿದ ಪ್ರಶ್ನೆ. ಗಂಗೇಶನ ‘ತತ್ತ್ವಚಿಂತಾಮಣಿ’, ವ್ಯಾಸತೀರ್ಥರ ‘ತರ್ಕತಾಂಡವ’ದಂಥ ನಮ್ಮ ತರ್ಕಗ್ರಂಥ ಬಿಟ್ಟು ಉಡುಪಿಯಲ್ಲಿ ಕೂತವರು ಜರ್ಮನಿಯಿಂದ ಶುರು ಮಾಡುವುದು ನನಗೆ ನೋವಿನ ವಿಷಯ.

ಮಣಿಪಾಲ_ಎಂಎ:
“ಸುಮ್ಮನೆ ಐದು” ಅಂತ ನೀವೇ ಬರೆದಿದ್ದೀರಿ. ಸುಮ್ಮನೆ ಹೇಳಿದವನಿಗೆ ಆಧಾರವೇ ಇಲ್ಲ. ಗೆಟಿಯರನ ಸ್ಮಿತ್‌ಗೆ ಗಟ್ಟಿ ಆಧಾರ ಉಂಟು, ಆದರೂ ಅದು ಜ್ಞಾನ ಆಗುವುದಿಲ್ಲ. ಎರಡೂ ಒಂದೇ ಪ್ರಶ್ನೆ ಅಲ್ಲ.

ರಥಬೀದಿ_ತಾರ್ಕಿಕ:
ಆಧಾರ ಬೇಕಾ? ಅದೇ ಗ್ರಂಥದಲ್ಲಿ ಮಂಜನ್ನು ಹೊಗೆ ಅಂತ ತಿಳಿದು ಬೆಂಕಿ ಇದೆ ಅಂತ ಅನುಮಾನ ಮಾಡಿದವ ಇದ್ದಾನೆ. ಬೆಂಕಿ ನಿಜವಾಗಿಯೂ ಇತ್ತು. ಈಗ ಹೇಳಿ.

ಮಣಿಪಾಲ_ಎಂಎ:
ಉದಾಹರಣೆ ಹತ್ತಿರದ್ದೇ, ಉದ್ದೇಶ ಹತ್ತಿರದ್ದಲ್ಲ. ಶ್ರೀಹರ್ಷ ಅದ್ವೈತಿ, ಪ್ರಮೆಗೆ, ಅಂದರೆ ಸರಿಯಾದ ಜ್ಞಾನಕ್ಕೆ, ಯಾವ ಲಕ್ಷಣವೂ ನಿಲ್ಲುವುದಿಲ್ಲ ಅಂತ ತೋರಿಸಲಿಕ್ಕೆ ಹೊರಟವನು. ಗೆಟಿಯರ್ ಒಂದು ಲಕ್ಷಣ ಸಾಲದು ಅಂದ, ಅಷ್ಟೇ. ಬಿ. ಕೆ. ಮತಿಲಾಲ್ 1986ರ ‘ಪರ್ಸೆಪ್ಷನ್’ ಪುಸ್ತಕದಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದಾರೆ, ಒಂದಕ್ಕೆ ಇನ್ನೊಂದರ ಹೆಸರು ಬರೆದಿಲ್ಲ.

ಕಾರ್ಕಳದ_ಮಾಷ್ಟ್ರು:
ಇಷ್ಟೆಲ್ಲ ಮಾತಿನಲ್ಲಿ ಒಂದನ್ನು ಯಾರೂ ಎತ್ತಲಿಲ್ಲ. “ಮಾತು ಕನ್ನಡದಲ್ಲಿ” ಅಂದಿದ್ದಾರೆ ಕದ್ರಿಯವರು. ಫ್ರೇಗೆಯ ಆ ಎರಡು ಪದಗಳಿಗೆ ಕನ್ನಡ ಎಂತ? ಅದು ಇತ್ಯರ್ಥ ಆಗದೆ ಮೊದಲ ಪ್ಯಾರಾ ದಾಟಲಿಕ್ಕೆ ಆಗುವುದಿಲ್ಲ. ನನ್ನ ಸಲಹೆ: ‘ಜಿನ್’ ಅಂದರೆ ಅರ್ಥ, ‘ಬೆಡೊಯ್ಟುಂಗ್’ ಅಂದರೆ ನಿರ್ದೇಶ. ಬೆಳಗಿನ ಚುಕ್ಕಿ, ಸಂಜೆಯ ಚುಕ್ಕಿ ಎರಡರ ಅರ್ಥ ಬೇರೆ, ಎರಡೂ ನಿರ್ದೇಶಿಸುವುದು ಶುಕ್ರನನ್ನೇ.

ರಥಬೀದಿ_ತಾರ್ಕಿಕ:
ಪೂರ್ತಿ ತಲೆಕೆಳಗು! ಅರ್ಥ ಅಂದರೆ ವಸ್ತು. ಪದ ಯಾವುದನ್ನು ತೋರಿಸುತ್ತದೋ ಅದು ಪದಾರ್ಥ. ಮಧ್ವಾಚಾರ್ಯರ ‘ಪ್ರಮಾಣಲಕ್ಷಣ’ ಶುರುವಾಗುವುದೇ “ಯಥಾರ್ಥಂ ಪ್ರಮಾಣಮ್” ಅಂತ. ಯಥಾರ್ಥ ಅಂದರೆ ಅರ್ಥ, ಅಂದರೆ ವಸ್ತು, ಹೇಗಿದೆಯೋ ಹಾಗೆ. ಆದ್ದರಿಂದ ಅರ್ಥ ಎಂಬುದು ‘ಬೆಡೊಯ್ಟುಂಗ್’. ‘ಜಿನ್’ಗೆ ಪ್ರವೃತ್ತಿನಿಮಿತ್ತ ಅನ್ನಿ, ಅಂದರೆ ಪದ ಆ ವಸ್ತುವಿಗೆ ಸಲ್ಲಲಿಕ್ಕೆ ಇರುವ ಕಾರಣ.

ಕಾರ್ಕಳದ_ಮಾಷ್ಟ್ರು:
“ಪದಾರ್ಥ” ಅಂದಿರಿ. ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಪದಾರ್ಥ ಎಂತ ಅಂತ ಕೇಳಿದರೆ ಬಸಳೆಯೋ ಹಲಸಿನಕಾಯಿಯೋ ಅಂತ ಉತ್ತರ ಬರ್ತದೆ. ಪದಗಳು ಊರಲ್ಲಿ ಹೇಗೆ ಬದುಕ್ತವೋ ಹಾಗೆ ಹಿಡಿಯಬೇಕು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ “ಅರ್ಥ ಆಯಿತಾ” ಅಂತ ಕೇಳಿದ್ದೇನೆ. ವಸ್ತು ಸಿಕ್ಕಿತಾ ಅಂತ ಕೇಳಿದ್ದಲ್ಲ.

ಇನ್ನೂ ಬೇಕಾದರೆ ತಾಳಮದ್ದಳೆ ನೋಡಿ. ಭಾಗವತರು ಪದ, ಅಂದರೆ ಹಾಡು, ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಅರ್ಥ ಹೇಳ್ತಾನೆ. ಕರ್ಣ ಒಬ್ಬನೇ, ಪದ ಒಂದೇ. ಇವತ್ತು ಒಬ್ಬರು ಹೇಳುವ ಅರ್ಥವೇ ಬೇರೆ, ನಾಳೆ ಇನ್ನೊಬ್ಬರು ಹೇಳುವುದೇ ಬೇರೆ. ವಸ್ತು ತೋರುವ ಬಗೆ ಅಂತ ಫ್ರೇಗೆ ಹೇಳಿದ್ದು ಇದನ್ನೇ ಅಲ್ಲವಾ?

ಮಣಿಪಾಲ_ಎಂಎ:
ಅಲ್ಲ ಮಾಷ್ಟ್ರೇ. ಅರ್ಥಧಾರಿ ಸೇರಿಸುವ ಭಾವ, ಬಣ್ಣ, ಒತ್ತು ಇವನ್ನು ಫ್ರೇಗೆ ಅದೇ ಲೇಖನದಲ್ಲಿ ‘ಜಿನ್’ನಿಂದ ಹೊರಗೆ ಇಟ್ಟಿದ್ದಾನೆ. ‘ಸತ್ತರು’, ‘ತೀರಿಹೋದರು’ ಇವುಗಳ ನಡುವೆ ಇರುವುದು ಬಣ್ಣದ ವ್ಯತ್ಯಾಸ. ‘ಜಿನ್’ ಎಲ್ಲರಿಗೂ ಒಂದೇ. ಅದಕ್ಕೇ ಅವನು ದೂರದರ್ಶಕದ ಉಪಮೆ ಕೊಟ್ಟದ್ದು: ಚಂದ್ರ ವಸ್ತು, ನೋಡುವವನ ಕಣ್ಣಿನೊಳಗಿನ ಬಿಂಬ ಅವನೊಬ್ಬನದು, ದೂರದರ್ಶಕದೊಳಗೆ ಮಸೂರ ಮೂಡಿಸುವ ಬಿಂಬ ಯಾರು ಬಂದು ಇಣುಕಿದರೂ ಸಿಗುವಂಥದ್ದು. ಆ ಮಧ್ಯದ್ದು ‘ಜಿನ್’.

ಕಾರ್ಕಳದ_ಮಾಷ್ಟ್ರು:
ತಾಳಮದ್ದಳೆಗೆ ಬಣ್ಣವೇ ಇಲ್ಲ ಮಾರಾಯ್ರೇ, ವೇಷ ಹಾಕದೆ ಬರೀ ಮಾತಿನಲ್ಲಿ ಕಟ್ಟುವುದದು. ರಾತ್ರಿಯಿಡೀ ಕೂತು ಕೇಳಿದವರಿಗೆ ಗೊತ್ತುಂಟು, ಅಲ್ಲಿ ನಡೆಯುವುದು ವಾದ.

ಬಂದರ್_ಹುಡುಗ:
ನನ್ನದೊಂದು ಉದಾಹರಣೆ. ನಮ್ಮ ಮನೆಯಲ್ಲಿ ಬ್ಯಾರಿ ಮಾತು, ಊರಿಗೆ ಮೈಕಾಲ ಅಂತೇವೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್. 2014ರ ನವೆಂಬರ್ 1ರಿಂದ ಸರಕಾರದ ಇಂಗ್ಲಿಷಿನಲ್ಲೂ ಮಂಗಳೂರು. ನನ್ನ ರೂಮಿನಲ್ಲಿದ್ದ ದಾವಣಗೆರೆಯವನು ಮೂರು ವರ್ಷ ಇಲ್ಲೇ ಓದಿದ, ಕುಡ್ಲ ಅನ್ನಲಿಕ್ಕೆ ಚೆನ್ನಾಗಿ ಕಲಿತಿದ್ದ. ಒಂದು ದಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಾನು ಫೋನಿನಲ್ಲಿ ಮಾತಾಡಿ ಇಟ್ಟ ಮೇಲೆ ಕೇಳಿದ, “ಮೈಕಾಲ ಎಲ್ಲಿ ಬರ್ತದೆ, ಬಸ್ಸಿನಲ್ಲಿ ಎಷ್ಟು ಹೊತ್ತು?” ಅವನು ನಿಂತದ್ದು ಮೈಕಾಲದ ನಟ್ಟನಡುವೆ. ಕುಡ್ಲವೇ ಕುಡ್ಲ ಅಂದರೆ ಅವನಿಗೆ ಹೊಸತು ಏನೂ ಇಲ್ಲ. ಕುಡ್ಲವೇ ಮೈಕಾಲ ಅಂದಾಗ ಅವನ ಮುಖ ನೋಡಬೇಕಿತ್ತು. ಫ್ರೇಗೆಯ ಮೊದಲ ಪ್ಯಾರಾ ಇದೇ ಅಲ್ಲವಾ, ಎ ಎಂಬುದು ಎ, ಎ ಎಂಬುದು ಬಿ?

ಸುರತ್ಕಲ್_ಕೋಡರ್:
ಇದು ಫ್ರೇಗೆಯ ಪರ ಅಲ್ಲ, ವಿರುದ್ಧ. ಹೆಸರಿಗೆ ‘ಜಿನ್’ ಅಂತ ಒಂದಿಲ್ಲ. ಸಾಲ್ ಕ್ರಿಪ್ಕಿ 1970ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಹೇಳಿದ್ದು ಅದನ್ನೇ, ಹೆಸರು ವರ್ಣನೆಯ ಸಂಕ್ಷೇಪ ಅಲ್ಲ. ಅದಕ್ಕೂ ಮೊದಲು 1843ರಲ್ಲೇ ಜಾನ್ ಸ್ಟುವರ್ಟ್ ಮಿಲ್ ಡಾರ್ಟ್‌ಮತ್ ಊರಿನ ಮಾತು ಎತ್ತಿದ್ದ: ಡಾರ್ಟ್ ನದಿಯ ಅಳಿವೆ ಬೇರೆ ಕಡೆ ಹೋದರೂ ಊರು ಡಾರ್ಟ್‌ಮತ್ತೇ. ಕುಡ್ಲ ಅಂದರೆ ಕೂಡುವ ಜಾಗ ಅಂತಾರೆ. ನಾಳೆ ನೇತ್ರಾವತಿ, ಫಲ್ಗುಣಿ ಕೂಡದೆ ಬೇರೆ ಬೇರೆಯಾಗಿ ಸಮುದ್ರ ಸೇರಿದರೆ ಕುಡ್ಲ ಕುಡ್ಲ ಅಲ್ಲದೆ ಹೋಗ್ತದಾ? ತಪ್ಪು ಅಂತ ಗೊತ್ತಾದ ಲೇಖನವನ್ನು ಎಂಟು ವಾರ ಯಾಕೆ ಓದಬೇಕು?

ರಥಬೀದಿ_ತಾರ್ಕಿಕ:
“ಕೂಡುವ ಜಾಗ” ಅಂದಿರಲ್ಲ, ಅದು ಯೋಗಾರ್ಥ, ಪದದ ಭಾಗಗಳಿಂದ ಬರುವ ಅರ್ಥ. ಊರಿನ ಹೆಸರಾಗಿ ನಡೆಯುವುದು ರೂಢಿಯಿಂದ. ಯೌಗಿಕ, ರೂಢ, ಯೋಗರೂಢ ಅಂತ ನಮ್ಮವರು ವಿಂಗಡಿಸಿ ಇಟ್ಟಿದ್ದಾರೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜ ಅಲ್ಲ. ಇದನ್ನು ಮಿಲ್ ಬಂದು ಹೇಳಬೇಕಾಗಿರಲಿಲ್ಲ. ಹಾಗಾಗಿಯೇ ಹೇಳುವುದು, ಅರ್ಥ ಎಂಬ ಪದವನ್ನು ಶಾಸ್ತ್ರ ಬಲ್ಲವರ ಕೈಗೆ ಬಿಡಿ.

ಬಂದರ್_ಹುಡುಗ:
“ಶಾಸ್ತ್ರ ಬಲ್ಲವರ ಕೈಗೆ” ಅಂದರೆ ಎಂತ? ಸಂಸ್ಕೃತ ಬಾರದವರು ಈ ಕೂಟಕ್ಕೆ ಬರಬಾರದು ಅಂತ ನೇರ ಹೇಳಿ. ನನ್ನ ಮನೆಮಾತಿನ ಒಂದು ಹೆಸರು ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಉತ್ತರ ಒಬ್ಬರೂ ಕೊಡಲಿಲ್ಲ.

ರಥಬೀದಿ_ತಾರ್ಕಿಕ:
ಬರಬಾರದು ಅಂತ ನಾನು ಎಲ್ಲಿ ಬರೆದೆ? ತೋರಿಸಿ. ನಾಲ್ಕು ವರ್ಷ ಗುರುಗಳ ಎದುರು ಚಾಪೆಯಲ್ಲಿ ಕೂತು ಕಲಿತ ಪದ ಅದು. ಮನಸ್ಸಿಗೆ ಬಂದ ಹಾಗೆ ಬಳಸಿದರೆ ನನಗೆ ಸಿಟ್ಟು ಬರ್ತದೆ, ಬರಲೇಬೇಕು.

ಕಾರ್ಕಳದ_ಮಾಷ್ಟ್ರು:
ಮನಸ್ಸಿಗೆ ಬಂದ ಹಾಗೆ ಬಳಸುವವರು ಯಾರು? ಕೋಟಿಗಟ್ಟಲೆ ಕನ್ನಡಿಗರಾ? ಕನ್ನಡಕ್ಕೆ ಬಂದ ಮೇಲೆ ಆ ಪದ ಕನ್ನಡದ್ದು ಸ್ವಾಮೀ. ಇಷ್ಟು ಹಟ ಒಳ್ಳೆಯದಲ್ಲ.

ಮಣಿಪಾಲ_ಎಂಎ:
ಬಂದರಿನವರ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ. ಹೌದು, ಅದೇ ಮೊದಲ ಪ್ಯಾರಾ. ಕೋಡರ್ ಅವರು ಕ್ರಿಪ್ಕಿಯ 1970 ಹೇಳಿ 1979 ಬಿಟ್ಟರು. ‘ನಂಬಿಕೆಯ ಬಗ್ಗೆ ಒಂದು ಒಗಟು’ ಅಂತ ಅವನದೇ ಲೇಖನ. ಫ್ರಾನ್ಸಿನಲ್ಲಿ ಇದ್ದಾಗ ಪಿಯರ್ ‘ಲೋಂದ್ರ್’ ಚಂದದ ಊರು ಅಂತ ಫ್ರೆಂಚಿನಲ್ಲಿ ನಂಬ್ತಾನೆ. ಆಮೇಲೆ ಲಂಡನ್ನಿಗೆ ಬಂದು ಕೊಳಕು ಬೀದಿಯಲ್ಲಿ ಉಳಿದು, ಲಂಡನ್ ಚಂದ ಇಲ್ಲ ಅಂತ ಇಂಗ್ಲಿಷಿನಲ್ಲಿ ನಂಬ್ತಾನೆ. ಎರಡೂ ಒಂದೇ ಊರು ಅಂತ ಗೊತ್ತಿಲ್ಲ. ಹಾಗಾದರೆ ಲಂಡನ್ ಚಂದ ಅಂತ ಅವನು ನಂಬ್ತಾನಾ, ಇಲ್ಲವಾ? ಕ್ರಿಪ್ಕಿ ಉತ್ತರ ಕೊಡಲಿಲ್ಲ, ಒಗಟಾಗಿಯೇ ಬಿಟ್ಟ. ನಿಮ್ಮ ದಾವಣಗೆರೆಯ ಗೆಳೆಯ ಪಿಯರನ ಜಾಗದಲ್ಲೇ ನಿಂತಿದ್ದ.

ಸುರತ್ಕಲ್_ಕೋಡರ್:
“ಒಗಟಾಗಿಯೇ ಬಿಟ್ಟ” ಸರಿ. ಆದರೆ ‘ಜಿನ್’ ಒಪ್ಪಿದರೂ ಈ ಒಗಟು ತಪ್ಪುವುದಿಲ್ಲ ಅಂತ ಅದೇ ಲೇಖನದಲ್ಲಿ ವಾದಿಸಿದ್ದಾನೆ. ಅದನ್ನು ನೀವು ಬಿಟ್ಟಿರಿ.

ಕದ್ರಿಗುಡ್ಡೆ:
ಅರ್ಥದ ಜಗಳದ ಬಗ್ಗೆ ನಾನೂ ಒಂದು ಹೇಳ್ತೇನೆ. ಇದು ಕನ್ನಡದ ತೊಂದರೆ ಮಾತ್ರ ಅಲ್ಲ. ರಸೆಲ್ 1905ರ ‘ಆನ್ ಡಿನೋಟಿಂಗ್’ನಲ್ಲಿ ‘ಜಿನ್’ಗೆ ‘ಮೀನಿಂಗ್’ ಅಂತ ಬರೆದ. ಮ್ಯಾಕ್ಸ್ ಬ್ಲ್ಯಾಕ್ 1948ರ ಅನುವಾದದಲ್ಲಿ ‘ಬೆಡೊಯ್ಟುಂಗ್’ಗೆ ‘ರೆಫರೆನ್ಸ್’ ಅಂತ ಇಟ್ಟ. ಗೀಚ್ ಮತ್ತು ಬ್ಲ್ಯಾಕ್ ತಂದ ಸಂಕಲನದ 1980ರ ಮೂರನೇ ಆವೃತ್ತಿಯಲ್ಲಿ ಅದೇ ‘ಬೆಡೊಯ್ಟುಂಗ್’ಗೆ ‘ಮೀನಿಂಗ್’ ಅಂತ ಬದಲಾಯಿಸಿದರು. ಅಂದರೆ ಇಂಗ್ಲಿಷಿನ ಒಂದೇ ಪದ ಎರಡೂ ಕಡೆ ಕೂತು ಬಂದಿದೆ. ನಮ್ಮ ‘ಅರ್ಥ’ಕ್ಕೂ ಹಾಗೇ ಆಗಿದೆ. ಎರಡೂ ಜರ್ಮನ್ ಪದಗಳನ್ನು ಹಾಗೆಯೇ ಇಟ್ಟುಕೊಂಡು ಓದುವ, ಕನ್ನಡ ಕೊನೆಗೆ ನೋಡುವ.

ಕಾರ್ಕಳದ_ಮಾಷ್ಟ್ರು:
ಒಪ್ಪುವುದಿಲ್ಲ. ಕಾರ್ಕಳ, ಮೂಡುಬಿದಿರೆಯಲ್ಲಿ ‘ಜಿನ’ ಅಂದರೆ ಬೇರೆಯೇ ಉಂಟು. ಕನ್ನಡದಲ್ಲಿ ಮಾತಾಡುವ ಅಂತ ಕರೆದು ಜರ್ಮನ್ ಪದದಲ್ಲಿ ನಿಲ್ಲಿಸಿದರೆ ಆ ಕರೆಗೆ ಬೆಲೆ ಏನು? 1894ರಲ್ಲಿ ಕಿಟೆಲರ ಕನ್ನಡ ಕೋಶ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಆ ಮನುಷ್ಯ ಜರ್ಮನಿಯಿಂದ ಬಂದು ಕನ್ನಡದ ಪದ ಹುಡುಕಿದ. ನಾವು ಇಲ್ಲಿ ಕೂತು ಜರ್ಮನ್ ಪದ ಇಟ್ಟುಕೊಳ್ಳುವುದಾ?

ರಥಬೀದಿ_ತಾರ್ಕಿಕ:
“ಅರ್ಥಕ್ಕೂ ಹಾಗೇ ಆಗಿದೆ” ಅಂತ ಕದ್ರಿಯವರೇ ಬರೆದರು. ಆದದ್ದು ಬಳಕೆಯ ಸಡಿಲದಿಂದ. ಶಾಸ್ತ್ರದಲ್ಲಿ ಆಗಿಲ್ಲ.

ಮಣಿಪಾಲ_ಎಂಎ:
ಶಾಸ್ತ್ರದಲ್ಲೂ ಚರ್ಚೆ ಇತ್ತು. ಪದದ ಅರ್ಥ ವ್ಯಕ್ತಿಯಾ, ಜಾತಿಯಾ, ಆಕೃತಿಯಾ ಅಂತ ನ್ಯಾಯಸೂತ್ರದಲ್ಲೇ ವಾದ ಉಂಟು. ‘ಹಸು’ ಅಂದಾಗ ಈ ಹಸುವಾ, ಹಸುತನವಾ, ಹಸುವಿನ ಆಕಾರವಾ? ಅರ್ಥ ಅಂದರೆ ವಸ್ತು ಅಂತ ಒಂದೇ ಮಾತಿನಲ್ಲಿ ಮುಗಿದಿದ್ದರೆ ಆ ವಾದ ಯಾಕೆ ಬೇಕಿತ್ತು?

ರಥಬೀದಿ_ತಾರ್ಕಿಕ:
ಮೂರೂ ವಸ್ತುವಿನ ಕಡೆಯವೇ. ಒಂದೂ ನಿಮ್ಮ ಮಸೂರದ ಬಿಂಬ ಅಲ್ಲ. ನ್ಯಾಯಸೂತ್ರ ನನಗೆ ಹೇಳಿಕೊಡಬೇಡಿ.

ಕದ್ರಿಗುಡ್ಡೆ:
ಇಷ್ಟು ಜನ ಇಷ್ಟು ಹೊತ್ತು ಒಂದು ಪದಕ್ಕೆ ಕೂತಿದ್ದೀರಿ, ಹಿಂದಿನ ಕೂಟದ ನಾಲ್ಕು ವಾರದಲ್ಲಿ ನನಗೆ ಇದು ಸಿಕ್ಕಿರಲಿಲ್ಲ. ಈ ಭಾನುವಾರ ಏಳಕ್ಕೆ ಶುರು. ಮೂರು ಪುಟವೂ ಬೇಡ, ಮೊದಲ ಪ್ಯಾರಾ ಮಾತ್ರ. ತಾಳಮದ್ದಳೆಯ ಹಾಗೆ ಇಬ್ಬರಿಗೆ ಪಾತ್ರ ಕೊಡ್ತೇನೆ: ಎಂಎಯವರು ಫ್ರೇಗೆಯ ಪರ, ಕೋಡರ್ ಅವರು ಎದುರು. ಗಟ್ಟಿಯಾಗಿ ಓದುವುದು ಬಂದರಿನವರು. ಮಾಷ್ಟ್ರು ಮತ್ತು ರಥಬೀದಿಯವರು ಒಂದೊಂದು ವಾಕ್ಯವನ್ನು ತಮ್ಮ ತಮ್ಮ ಪದದಲ್ಲಿ ಕನ್ನಡಕ್ಕೆ ತನ್ನಿ, ಎರಡನ್ನೂ ಪರದೆಯಲ್ಲಿ ಹಾಕ್ತೇನೆ.

ಸುರತ್ಕಲ್_ಕೋಡರ್:
ಬರ್ತೇನೆ. ಎರಡನೇ ಪಠ್ಯ ಗೆಟಿಯರ್ ಅಂತ ಈಗಲೇ ಬರೆದಿಡಿ.

ರಥಬೀದಿ_ತಾರ್ಕಿಕ:
ಎರಡನೇ ಪಠ್ಯ ಶ್ರೀಹರ್ಷ. ನನ್ನ ವಾಕ್ಯ ಶನಿವಾರ ರಾತ್ರಿಯೊಳಗೆ ಕಳಿಸ್ತೇನೆ. ಅದರಲ್ಲಿ ‘ಅರ್ಥ’ ವಸ್ತುವಿಗೇ ಇರುತ್ತದೆ.

ಕಾರ್ಕಳದ_ಮಾಷ್ಟ್ರು:
ನನ್ನದು ಈಗಲೇ ತಯಾರು: “ಕುಡ್ಲ, ಮೈಕಾಲ ಎಂಬ ಎರಡು ಹೆಸರುಗಳ ಅರ್ಥ ಬೇರೆ, ಊರು ಒಂದೇ.” ಇದರಲ್ಲಿ ಅರ್ಥ ತೆಗೆದು ವಸ್ತು ಅಂತ ಹಾಕಿ ಓದಿ ನೋಡಿ ರಥಬೀದಿಯವರೇ.

ಬಂದರ್_ಹುಡುಗ:
ಲಿಂಕ್ ಎಲ್ಲಿ ಹಾಕ್ತೀರಿ ಅಕ್ಕಾ? ದಾವಣಗೆರೆಯವನನ್ನೂ ಕರೀತೇನೆ. ಮತ್ತೆ ಮಾಷ್ಟ್ರೇ, ಆ ವಾಕ್ಯದಲ್ಲಿ ಕೊಡಿಯಾಲ್ ಬಿಟ್ಟುಹೋಗಿದೆ.