ಸೇನೆಯ ಹಳೆಯ ಟ್ರೇಲರ್: ಎಡಚಕ್ರ ಸುಡುತ್ತಿದೆ, ಆಕ್ಸಲ್ಲೇ ಬದಲಿಸಬೇಕೇ?

ಒಂಟಿ ಆಕ್ಸಲ್:
ಅಮೆರಿಕದ ಸೇನೆ ವಿಲೇವಾರಿ ಮಾಡಿದ ಒಂಟಿ ಆಕ್ಸಲ್ ಟ್ರೇಲರೊಂದನ್ನು ದುರಸ್ತಿ ಮಾಡುತ್ತಿದ್ದೇನೆ. ಹೈಡ್ರಾಲಿಕ್ ಸರ್ಜ್ ಬ್ರೇಕ್ (ಎಳೆಯುವ ಗಾಡಿ ನಿಧಾನಿಸಿದಾಗ ಕೊಂಡಿ ಹಿಂದಕ್ಕೆ ಸರಿದು ಮಾಸ್ಟರ್ ಸಿಲಿಂಡರನ್ನು ಒತ್ತಿ, ಬ್ರೇಕ್ ಆಯಿಲ್ ಮೂಲಕ ಹಿಡಿಯುವಂಥದ್ದು), ಎರಡೂ ಕಡೆ ಡ್ರಮ್, 24 ವೋಲ್ಟ್ ದೀಪಗಳು. ಸ್ವಲ್ಪ ದೂರ ಎಳೆದರೆ ಸಾಕು, ಎಡಗಡೆಯ ಡ್ರಮ್ ಮುಟ್ಟಲಾಗದಷ್ಟು ಕಾಯುತ್ತದೆ. ಬಲಗಡೆಯದು ತಣ್ಣಗಿರುತ್ತದೆ. ಡ್ರಮ್ಮಿಗೆ ಒತ್ತಿಕೊಳ್ಳುವ ಶೂ, ಅದನ್ನು ತಳ್ಳುವ ವೀಲ್ ಸಿಲಿಂಡರ್ ಎರಡೂ ಹೊಸವು, ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿರುತ್ತೇನೆ. ಈ ಗೋಳೇ ಬೇಡವೆಂದು ಎಲೆಕ್ಟ್ರಿಕ್ ಬ್ರೇಕ್ ಇರುವ ಹೊಸ ಆಕ್ಸಲ್ ಹಾಕಿಬಿಡಲೇ?

ಗ್ರೀಸ್ ಡಬ್ಬಿ:
ಬೇರಿಂಗ್ ಬಿಗಿ ಇರಬಹುದು. ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಪೂರ್ತಿ ಸಡಿಲಿಸಿ, ಆಮೇಲೆ ಬೆರಳಿನಲ್ಲಷ್ಟೇ ತಿರುಗಿಸಿ ನಿಲ್ಲಿಸಿ, ಪಿನ್ ಹಾಕಿ. ಕೂದಲೆಳೆಯಷ್ಟು ಆಟ ಉಳಿಯಲೇಬೇಕು.

ಹಳೇ ಕಬ್ಬಿಣ:
ಬೇರಿಂಗ್ ಬಿಗಿಯಾದರೆ ಶಾಖ ಹಬ್ (ಚಕ್ರದ ನಡುಭಾಗ) ಕಡೆಯಿಂದ ಹೊರಡುತ್ತದೆ. ನಿಮಗೆ ಸುಡುತ್ತಿರುವುದು ಡ್ರಮ್. ಆಕ್ಸಲ್ ಬಿಚ್ಚುವ ಮೊದಲು ಬ್ಲೀಡರ್ ಸ್ಕ್ರೂ (ಚಕ್ರದ ಬಳಿ ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಬಿಚ್ಚಿ.

ಚಕ್ರ ಕಾದಿರುವಾಗಲೇ ಟ್ರೇಲರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಎಡಚಕ್ರ ತಿರುಗಿಸಿ ನೋಡಿ. ಹಿಡಿದಿದ್ದರೆ ಆ ಚಕ್ರದ ಬ್ಲೀಡರನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಎಂದರ್ಥ: ಹೋಸ್ ಒಳಗೆ ಊದಿಕೊಂಡಿದೆ, ಇಲ್ಲವೇ ಕೊಂಡಿಯ ಜಾರುಕೊಳವೆ ತುಕ್ಕು ಹಿಡಿದು ಹಿಂದಕ್ಕೆ ಸರಿಯದೆ ಮಾಸ್ಟರ್ ಸಿಲಿಂಡರನ್ನು ಒತ್ತಿಯೇ ಇದೆ. ಬ್ಲೀಡರ್ ತೆರೆದರೂ ಚಕ್ರ ಬಿಡದಿದ್ದರೆ ದೋಷ ಆಯಿಲ್‌ನದಲ್ಲ. ಕೇಬಲ್, ರಿಟರ್ನ್ ಸ್ಪ್ರಿಂಗ್ ಅಥವಾ ತಿರುವುಮುರುವಾಗಿ ಕೂತ ಶೂ. ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಗಿಡ್ಡ ಇರುವ ಶೂ ಸಾಮಾನ್ಯವಾಗಿ ಮುಂದಕ್ಕೆ ಬರಬೇಕು.

ಇನ್ನೊಂದು ಮಾತು. ಚಾಸಿಯಿಂದ ಆಕ್ಸಲ್‌ಗೆ ಒಂದೇ ಹೋಸ್ ಇಳಿದು, ಅಲ್ಲಿಂದ ಎರಡೂ ಕಡೆಗೆ ಕವಲೊಡೆದಿದ್ದರೆ, ಆ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಾಗ ಸಾಮಾನ್ಯವಾಗಿ ಎರಡೂ ಚಕ್ರ ಕಾಯಬೇಕಿತ್ತು. ಆದ್ದರಿಂದ ನನಗೆ ಅನುಮಾನ ತಣ್ಣಗಿರುವ ಚಕ್ರದ ಮೇಲೂ ಇದೆ. ಬಲಗಡೆ ಬ್ರೇಕ್ ಹಿಡಿಯುತ್ತಲೇ ಇಲ್ಲದಿದ್ದರೆ ಎಡಗಡೆಯದು ಇಬ್ಬರ ಕೆಲಸ ಮಾಡುತ್ತದೆ. ಒಬ್ಬರು ಕೊಂಡಿಯನ್ನು ಹಿಂದಕ್ಕೆ ಒತ್ತಿ ಹಿಡಿದಿರಲಿ, ನೀವು ಬಲಚಕ್ರ ತಿರುಗಿಸಿ.

ಡ್ರಮ್ ತೆಗೆಯುವಾಗ ಗಾಳಿ ಹೊಡೆದು ದೂಳು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ದೂಳು ಡ್ರಮ್ಮಿನೊಳಗೆ ಉಳಿದಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಒಂಟಿ ಆಕ್ಸಲ್:
ನೋಡಿದೆ. ಬ್ಲೀಡರ್ ತೆರೆದರೂ ಎಡಚಕ್ರ ಅಲುಗಲಿಲ್ಲ. ಹ್ಯಾಂಡ್ ಬ್ರೇಕ್ ಕೇಬಲನ್ನು ಡ್ರಮ್ಮಿನ ಹಿಂಬದಿಯಿಂದ ಕಳಚಿದ ಕೂಡಲೇ ಟಕ್ಕೆಂದು ಬಿಟ್ಟುಕೊಂಡಿತು. ಹಿಡಿಕೆ ಕೆಳಗಿಳಿದರೂ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಎಳೆದುಕೊಂಡೇ ಇತ್ತು. ಬಲಚಕ್ರ, ಕೊಂಡಿ ಒತ್ತಿದರೂ ಸಲೀಸಾಗಿ ತಿರುಗುತ್ತದೆ. ಅಲ್ಲಿಂದ ತೆಗೆದ ಆಯಿಲನ್ನು ಗಾಜಿನ ಬಾಟಲಿಯಲ್ಲಿಟ್ಟೆ: ಮೇಲೆ ಮಾಸಲು ನೇರಳೆ, ಕೆಳಗೆ ಚಹಾದಂತಹ ಕಂದು, ತಳದಲ್ಲಿ ಲೋಳೆ. ಏನಿದು?

ಹಳೇ ಕಬ್ಬಿಣ:
ನೇರಳೆ ಇರುವುದು ಸಿಲಿಕೋನ್ ಬ್ರೇಕ್ ಆಯಿಲ್, ಡಾಟ್ 5 ಎಂಬ ದರ್ಜೆಯದು. ಅಮೆರಿಕದ ಸೇನೆ 1980ರ ದಶಕದಲ್ಲಿ ತನ್ನ ವಾಹನಗಳಿಗೆ ಅದನ್ನೇ ತಂದಿತು, ಏಕೆಂದರೆ ಅದು ನೀರು ಹೀರುವುದಿಲ್ಲ, ವರ್ಷಗಟ್ಟಲೆ ನಿಂತ ವಾಹನದಲ್ಲೂ ಕೆಡುವುದಿಲ್ಲ. ಯಾರೋ ಅದರ ಮೇಲೆ ಡಾಟ್ 3 ಅಥವಾ 4 (ಸಿಲಿಕೋನ್ ಅಲ್ಲದ ಸಾಮಾನ್ಯ ಬ್ರೇಕ್ ಆಯಿಲ್) ಸುರಿದಿದ್ದಾರೆ. ಎರಡೂ ಬೆರೆಯುವುದಿಲ್ಲ. ಡಾಟ್ 5.1 ಎಂಬುದೂ ಸಿಲಿಕೋನ್ ಅಲ್ಲ, ಹೆಸರು ನೋಡಿ ಮೋಸಹೋಗಬೇಡಿ.

ಬಲಗಡೆಯ ಲೋಹದ ಕೊಳವೆಯಲ್ಲಿ ಆ ಲೋಳೆಯೇ ಕಟ್ಟಿಕೊಂಡಿರಬೇಕು. ಕೊಳವೆಗಳನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಿ, ಒಳಗೆ ತುಕ್ಕು ಕಂಡರೆ ಬದಲಿಸಿ. ಹೋಸ್, ಮಾಸ್ಟರ್ ಸಿಲಿಂಡರಿನ ರಬ್ಬರು ಎಲ್ಲವೂ ಹೊಸದಾಗಲಿ. ಆಮೇಲೆ ಯಾವುದಾದರೂ ಒಂದೇ ಆಯಿಲ್ ತುಂಬಿ. ಸಿಲಿಕೋನ್ ಆದರೆ ನಿಧಾನವಾಗಿ ಸುರಿಯಿರಿ, ಗಾಳಿಗುಳ್ಳೆ ಹಿಡಿದಿಟ್ಟುಕೊಳ್ಳುವ ಚಾಳಿ ಅದಕ್ಕೆ.

ಗ್ರೀಸ್ ಡಬ್ಬಿ:
ಇಷ್ಟೆಲ್ಲ ಮಾಡುವ ಬದಲು ಎಲೆಕ್ಟ್ರಿಕ್ ಮಾಡಿಸುವುದೇ ಸುಲಭವಲ್ಲವೇ?

ಹಳೇ ಕಬ್ಬಿಣ:
ಎಲೆಕ್ಟ್ರಿಕ್‌ಗೆ ನನ್ನ ವಿರೋಧವಿಲ್ಲ. ಹಿಮ್ಮುಖ ಚಲಿಸುವಾಗ ತಾನಾಗಿ ಹಿಡಿಯುವುದಿಲ್ಲ, ಇಳಿಜಾರಿನಲ್ಲಿ ಚಾಲಕನ ಕೈಯಲ್ಲೇ ಹಿಡಿತ ಇರುತ್ತದೆ. ಆದರೆ ಸೇನೆಯ ಆಕ್ಸಲ್‌ನ ಫ್ಲ್ಯಾಂಜ್ (ಬ್ರೇಕ್ ಪ್ಲೇಟ್ ಬೋಲ್ಟ್ ಆಗುವ ಚಪ್ಪಟೆ ಅಂಚು) ಮಾರುಕಟ್ಟೆಯ ಬ್ರೇಕ್ ಪ್ಲೇಟಿಗೆ ಹೊಂದುತ್ತದೆಂಬ ಭರವಸೆ ಇಲ್ಲ. ಸಾಮಾನ್ಯ 10 ಇಂಚಿನ ಎಲೆಕ್ಟ್ರಿಕ್ ಬ್ರೇಕಿಗೆ ನಾಲ್ಕು ಬೋಲ್ಟ್, 12 ಇಂಚಿನದಕ್ಕೆ ಐದು. ನಡುವೆ ಅಡಾಪ್ಟರ್ ಹಾಕಿದರೆ ಅದು ಸ್ಪಿಂಡಲ್‌ಗೆ (ಚಕ್ರ ಕೂರುವ ಆಕ್ಸಲ್ ತುದಿಗೆ) ಕರಾರುವಾಕ್ಕಾಗಿ ಕೇಂದ್ರವಾಗಿರಬೇಕು. ಇಲ್ಲದಿದ್ದರೆ ಶೂ ಒಂದು ಕಡೆಯಷ್ಟೇ ಉಜ್ಜುತ್ತದೆ.

ಇಡೀ ಆಕ್ಸಲ್ ಬದಲಿಸುವುದಾದರೆ ಹಬ್ ಮುಖದಿಂದ ಹಬ್ ಮುಖಕ್ಕೆ, ಸ್ಪ್ರಿಂಗ್ ನಡುವಿನಿಂದ ಸ್ಪ್ರಿಂಗ್ ನಡುವಿಗೆ ಅಳೆಯಿರಿ, ಚಕ್ರದ ಬೋಲ್ಟ್ ವೃತ್ತವನ್ನೂ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಬರೆದುಕೊಳ್ಳಿ. ಹಬ್ಬಿನ ಅಳತೆ ತಪ್ಪಿದರೆ ಟೈರು ಮಡ್‌ಗಾರ್ಡಿಗೋ ಸ್ಪ್ರಿಂಗಿಗೋ ಉಜ್ಜುತ್ತದೆ. ಎಲೆಕ್ಟ್ರಿಕ್ ಬ್ರೇಕಿನಲ್ಲಿ ಶೂ ಹಿಡಿಸುವ ಮ್ಯಾಗ್ನೆಟ್ ತಲಾ ಸುಮಾರು 3 ಆಂಪಿಯರ್ ಎಳೆಯುತ್ತದೆ, ಅದೂ 12 ವೋಲ್ಟ್‌ನಲ್ಲಿ. ಹಳೆಯ 24 ವೋಲ್ಟ್ ವೈರಿಂಗ್‌ಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ಚಿಗೂ ಅದರ ಬ್ಯಾಟರಿಗೂ ಜಾಗ ಮಾಡಿ.

ನಿಮ್ಮ ಸ್ಪಿಂಡಲ್ ಮೇಲೆ ಬೇರಿಂಗ್ ಕೂರುವ ಜಾಗ ನುಣುಪಾಗಿದೆಯೇ?

ಒಂಟಿ ಆಕ್ಸಲ್:
ನುಣುಪಾಗಿದೆ, ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಡ್ರಮ್ಮಿನ ಒಳವ್ಯಾಸವೂ ಅದರ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯೊಳಗೇ ಇದೆ.

ಹಳೇ ಕಬ್ಬಿಣ:
ಹಾಗಾದರೆ ಆ ಆಕ್ಸಲ್ ಎಸೆಯಬೇಡಿ. ಕೇಬಲ್ ಎರಡೂ ಕಡೆಯದು ಬದಲಿಸಿ. ಕೇಬಲ್ ಸಡಿಲ ಇರುವಾಗಲೇ ಮೊದಲು ಶೂ ಹೊಂದಿಸಿ, ಹ್ಯಾಂಡ್ ಬ್ರೇಕ್ ಹೊಂದಾಣಿಕೆ ಕೊನೆಗೆ. ಮೊದಲ ಸಲ ಎಳೆದ ಮೇಲೆ ಎರಡೂ ಡ್ರಮ್ಮಿನ ಶಾಖ ಹೋಲಿಸಿ, ಚಕ್ರದ ನಟ್ ಮತ್ತೆ ಬಿಗಿ ಮಾಡಿ.