1972ರ ಷೆವರ್ಲೆ ಸಿ10: ಟ್ಯಾಂಕ್ ಅರ್ಧ ಖಾಲಿಯಾದರೂ ಗೇಜಿನ ಮುಳ್ಳು ‘ಎಫ್’ ದಾಟಿ ನಿಂತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡಿಗ. ನನ್ನ ಬಳಿ 1972ರ ಷೆವರ್ಲೆ ಸಿ10 ಪಿಕಪ್ ಇದೆ. ಇದರ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ನಿನ ಒಳಗೆ, ಸೀಟಿನ ಹಿಂಬದಿಯಲ್ಲಿದೆ. 1973ರಲ್ಲಿ ಬಂದ ಹೊಸ ವಿನ್ಯಾಸದಲ್ಲಿ ಟ್ಯಾಂಕನ್ನು ಹೊರಗೆ ಚಾಸಿಯ ಪಕ್ಕಕ್ಕೆ ಸಾಗಿಸಿದರು; ನನ್ನದು ಹಳೆಯ ವಿನ್ಯಾಸದ ಕೊನೆಯ ವರ್ಷದ ಗಾಡಿ.

ಕಳೆದ ಚಳಿಗಾಲದಲ್ಲಿ ಕ್ಯಾಬಿನ್ನಿನ ಒಳಭಾಗದ ತುಕ್ಕನ್ನೆಲ್ಲ ತೆಗೆಸಿ, ಪೂರ್ತಿಯಾಗಿ ಪೇಂಟ್ ಮಾಡಿಸಿದೆ. ಆಗ ಟ್ಯಾಂಕನ್ನು ಹೊರತೆಗೆದು ತೊಳೆಸಿ, ಅದರ ಕೆಳಗಿನ ಹಳೆಯ ರಬ್ಬರ್ ಪಟ್ಟಿಗಳನ್ನು ಬದಲಿಸಿ, ಹೊಸ ಸೆಂಡರ್ (ಟ್ಯಾಂಕಿನೊಳಗೆ ತೇಲುವ ಫ್ಲೋಟ್‌ನ ಮೂಲಕ ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಹಾಕಿ ಮತ್ತೆ ಕೂರಿಸಿದೆವು. ಅಂದಿನಿಂದ ಇಗ್ನಿಷನ್ ಕೀ ತಿರುಗಿಸಿದ ಕೂಡಲೇ ಪೆಟ್ರೋಲ್ ಗೇಜಿನ ಮುಳ್ಳು ‘ಎಫ್’ (ತುಂಬಿದೆ) ಗುರುತನ್ನೂ ದಾಟಿ ಬಲತುದಿಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಕದಲುವುದಿಲ್ಲ. ಟ್ಯಾಂಕಿನಲ್ಲಿ ಈಗ ಸುಮಾರು ಅರ್ಧದಷ್ಟು ಪೆಟ್ರೋಲ್ ಮಾತ್ರ ಇದೆ. ಹಳೆಯ ಸೆಂಡರ್ ಇದ್ದಾಗ ಗೇಜ್ ಸ್ವಲ್ಪ ಸೋಮಾರಿಯಾಗಿದ್ದರೂ ಕೆಲಸ ಮಾಡುತ್ತಿತ್ತು.

ಪಕ್ಕದಲ್ಲಿರುವ ಟೆಂಪರೇಚರ್ ಗೇಜ್ ಸರಿಯಾಗಿ ನಡೆಯುತ್ತಿದೆ. ಹೊಸ ಸೆಂಡರಿನೊಂದಿಗೆ ಬಂದ ಕಪ್ಪು ವೈರನ್ನು ಕ್ಯಾಬಿನ್ನಿನ ಹಿಂಗೋಡೆಯಲ್ಲಿದ್ದ ಹಳೆಯ ಸ್ಕ್ರೂ ತೂತಿಗೇ ಬಿಗಿದಿದ್ದೇನೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಗೇಜಿನ ವೋಲ್ಟೇಜ್ ರೆಗ್ಯುಲೇಟರ್ ಕೆಟ್ಟಿರಬೇಕು ಎನ್ನುತ್ತಾರೆ. ಇನ್ನೊಬ್ಬರು ಇಡೀ ಮೀಟರ್ ಫಲಕವನ್ನೇ ಬದಲಿಸಿ ಎಂದರು. ಫಲಕದ ಬೆಲೆ ಕಡಿಮೆಯೇನಲ್ಲ. ಅಲ್ಲದೆ ಗಾಡಿಯ ಮೂಲ ಭಾಗಗಳನ್ನು ಆದಷ್ಟು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ. ಮಲ್ಟಿಮೀಟರ್ ನನ್ನ ಬಳಿ ಇದೆ, ಅದನ್ನು ಬಳಸಲು ಬರುತ್ತದೆ.

ಮೊದಲ ಉತ್ತರ

ನಮಸ್ಕಾರ. ದಯವಿಟ್ಟು ಸದ್ಯಕ್ಕೆ ಯಾವ ಭಾಗವನ್ನೂ ಕೊಳ್ಳಬೇಡಿ. ನೀವು ಕೊಟ್ಟಿರುವ ವಿವರಗಳಲ್ಲೇ ಉತ್ತರದ ಬಹುಭಾಗ ಅಡಗಿದೆ.

ಮೊದಲು ಈ ಗೇಜ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ಅದು ತಿಳಿದರೆ ಮುಳ್ಳು ನಿಂತಿರುವ ಜಾಗವೇ ದೋಷವನ್ನು ಹೇಳಿಬಿಡುತ್ತದೆ. ಗೇಜಿನೊಳಗೆ ಎರಡು ಕಾಯಿಲ್‌ಗಳಿವೆ. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆದಂತೆ, ಒಂದು ಕಾಯಿಲ್ ಮುಳ್ಳನ್ನು ‘ಇ’ (ಖಾಲಿ) ಕಡೆಗೂ ಇನ್ನೊಂದು ‘ಎಫ್’ ಕಡೆಗೂ ಎಳೆಯುತ್ತದೆ. ಇಗ್ನಿಷನ್‌ನಿಂದ ಬರುವ ಕರೆಂಟ್ ಮೊದಲು ‘ಇ’ ಕಾಯಿಲನ್ನು ಹಾದು, ಅಲ್ಲಿಂದ ಎರಡು ದಾರಿಯಾಗಿ ಒಡೆಯುತ್ತದೆ: ಒಂದು ದಾರಿ ‘ಎಫ್’ ಕಾಯಿಲಿನ ಮೂಲಕ, ಇನ್ನೊಂದು ಟ್ಯಾಂಕಿನ ಸೆಂಡರಿನ ಮೂಲಕ ಅರ್ತಿಂಗ್ (ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವ ಬಾಡಿಯ ಲೋಹ) ಸೇರುತ್ತದೆ. ಟ್ಯಾಂಕ್ ಖಾಲಿಯಿದ್ದಾಗ ಸೆಂಡರಿನ ರೋಧ (ಕರೆಂಟಿಗೆ ಒಡ್ಡುವ ತಡೆ, ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ) ಸೊನ್ನೆಗೆ ಹತ್ತಿರವಿರುವುದರಿಂದ ಕರೆಂಟೆಲ್ಲ ಅದರ ಮೂಲಕವೇ ಹರಿದು, ‘ಎಫ್’ ಕಾಯಿಲಿಗೆ ಏನೂ ಸಿಗದೆ, ಮುಳ್ಳು ‘ಇ’ಯಲ್ಲಿ ನಿಲ್ಲುತ್ತದೆ. ಟ್ಯಾಂಕ್ ತುಂಬಿದಾಗ ರೋಧ ಸುಮಾರು 90 ಓಮ್‌ಗೆ ಏರಿ, ಕರೆಂಟಿನ ದೊಡ್ಡ ಪಾಲು ‘ಎಫ್’ ಕಾಯಿಲಿಗೆ ಹೋಗುತ್ತದೆ. ಸೆಂಡರಿನ ದಾರಿ ಎಲ್ಲಾದರೂ ಪೂರ್ತಿ ಕಡಿದುಹೋದರೆ ರೋಧ 90ನ್ನೂ ಮೀರಿ ಅನಂತವಾಗುತ್ತದೆ. ಆಗ ಮುಳ್ಳು ‘ಎಫ್’ ದಾಟಿ ತುದಿಗೆ ಹೋಗಿ ನಿಲ್ಲುತ್ತದೆ. ನಿಮ್ಮ ಗಾಡಿಯಲ್ಲಿ ಆಗುತ್ತಿರುವುದು ಇದೇ.

ಆದ್ದರಿಂದ ನಾವು ಹುಡುಕಬೇಕಾದದ್ದು ಕಡಿದಿರುವ ಒಂದು ಜಾಗ. ಅದು ಗೇಜಿನಿಂದ ಸೆಂಡರಿಗೆ ಬರುವ ತಿಳಿಗಂದು ಬಣ್ಣದ ವೈರಿನಲ್ಲಿರಬಹುದು, ಸೆಂಡರಿನ ಒಳಗಿರಬಹುದು, ಇಲ್ಲವೇ ಸೆಂಡರಿನಿಂದ ಬಾಡಿಗೆ ಹೋಗುವ ಅರ್ತಿಂಗ್‌ನಲ್ಲಿರಬಹುದು. ಮೂರನೆಯದರ ಮೇಲೆಯೇ ನನಗೆ ಹೆಚ್ಚು ಅನುಮಾನ. ಹೊಸ ರಬ್ಬರ್ ಪಟ್ಟಿಗಳ ಮೇಲೆ ಕೂತಿರುವ ಟ್ಯಾಂಕ್ ಬಾಡಿಯ ಲೋಹವನ್ನು ಎಲ್ಲಿಯೂ ಮುಟ್ಟುತ್ತಿರಲಾರದು. ಹಾಗಾಗಿ ಅದರ ಅರ್ತಿಂಗ್ ಪೂರ್ತಿಯಾಗಿ ಆ ಕಪ್ಪು ವೈರನ್ನೇ ನಂಬಿದೆ. ಆ ವೈರನ್ನು ನೀವು ಹೊಸದಾಗಿ ಪೇಂಟ್ ಆಗಿರುವ ಗೋಡೆಯ ತೂತಿಗೆ ಬಿಗಿದಿದ್ದೀರಿ. ತೂತಿನ ತಿರುಪು ಗೆರೆಗಳೊಳಗೂ ಸುತ್ತಲೂ ಪೇಂಟ್ ಕೂತಿದ್ದರೆ ಸ್ಕ್ರೂ ಎಷ್ಟೇ ಬಿಗಿಯಾಗಿದ್ದರೂ ಕರೆಂಟ್ ಹಾಯುವುದಿಲ್ಲ. ಚೆನ್ನಾಗಿ ಪೇಂಟ್ ಮಾಡಿಸಿದ ಹಳೆಯ ಗಾಡಿಗಳಲ್ಲಿ ದೀಪ, ಹಾರ್ನ್, ಗೇಜ್ ಎಲ್ಲವೂ ಒಮ್ಮೆಲೇ ಹಟ ಹಿಡಿಯುವುದಕ್ಕೆ ಬಹುಪಾಲು ಇದೇ ಕಾರಣ.

ಅನುಮಾನವನ್ನು ಪರೀಕ್ಷೆಯಿಂದಲೇ ದೃಢಪಡಿಸಿಕೊಳ್ಳಿ. ಕೀ ಆಫ್ ಇರುವಾಗ, ಎರಡೂ ಬಾಗಿಲುಗಳನ್ನು ತೆರೆದಿಟ್ಟು, ತಿಳಿಗಂದು ವೈರನ್ನು ಸೆಂಡರಿನಿಂದ ಬಿಡಿಸಿ, ಒಂದು ಜಂಪರ್ ವೈರಿನಿಂದ ಅದನ್ನು ಟ್ಯಾಂಕಿನಿಂದ ದೂರವಿರುವ, ಪೇಂಟ್ ಇಲ್ಲದ ಶುದ್ಧ ಲೋಹಕ್ಕೆ ಕ್ಲಿಪ್ ಮಾಡಿ. ಕ್ಲಿಪ್ ಹಾಕಿದ ಮೇಲೆಯೇ ಕೀ ತಿರುಗಿಸಿ. ಕೀ ಆನ್ ಇರುವಾಗ ವೈರನ್ನು ಲೋಹಕ್ಕೆ ತಾಗಿಸಿದರೆ ಸಣ್ಣ ಕಿಡಿ ಹಾರಬಹುದು, ಪಕ್ಕದಲ್ಲೇ ಸುಮಾರು 20 ಗ್ಯಾಲನ್ ಹಿಡಿಸುವ ಪೆಟ್ರೋಲ್ ಟ್ಯಾಂಕ್ ಇದೆ ಎಂಬುದನ್ನು ಮರೆಯುವಂತಿಲ್ಲ. ಮುಳ್ಳು ‘ಇ’ಗೆ ಇಳಿದರೆ ಗೇಜೂ ಸರಿ, ವೈರೂ ಸರಿ, ಮೀಟರ್ ಫಲಕವನ್ನು ಮುಟ್ಟುವ ಅಗತ್ಯವೇ ಇಲ್ಲ. ಇಳಿಯದಿದ್ದರೆ ದೋಷ ವೈರಿನಲ್ಲಿ ಅಥವಾ ಫಲಕದ ಹಿಂಬದಿಯ ಜೋಡಣೆಯಲ್ಲಿದೆ.

ಆಮೇಲೆ ಕೀ ಆಫ್ ಮಾಡಿ, ವೈರ್ ಬಿಡಿಸಿದ ಸ್ಥಿತಿಯಲ್ಲೇ ಸೆಂಡರಿನ ಟರ್ಮಿನಲ್‌ನಿಂದ ಎರಡು ಕಡೆಗೆ ರೋಧ ಅಳೆಯಿರಿ. ಮೊದಲನೆಯದು ಸೆಂಡರಿನದೇ ಲೋಹದ ತಟ್ಟೆಗೆ, ಎರಡನೆಯದು ಬ್ಯಾಟರಿಯ ನೆಗೆಟಿವ್‌ಗೆ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ನಿಮ್ಮ ಅರ್ತಿಂಗ್‌ನ ರೋಧ. ಅದು ಒಂದು ಓಮ್‌ಗಿಂತ ಕಡಿಮೆ ಇರಬೇಕು.

ಎರಡನೆಯ ಉತ್ತರ

ಮೇಲಿನವರು ಹೇಳಿರುವುದು ನಿಮ್ಮ ಗಾಡಿಗೆ ಪೂರ್ತಿ ಸರಿ. ಆದರೆ ಈ ಚರ್ಚೆಯನ್ನು ಬೇರೆ ಗಾಡಿಯವರೂ ಓದುತ್ತಾರಾದ್ದರಿಂದ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ನಾನು ಅದೇ ಕಾಲದ ಫೋರ್ಡ್ ಎಫ್-100 ಇಟ್ಟುಕೊಂಡಿದ್ದೇನೆ. ಅದರಲ್ಲಿ ಲೆಕ್ಕ ತಲೆಕೆಳಗು. ಫೋರ್ಡ್ ಸೆಂಡರಿನ ರೋಧ ಖಾಲಿ ಟ್ಯಾಂಕಿಗೆ ಸುಮಾರು 73 ಓಮ್, ತುಂಬಿದ ಟ್ಯಾಂಕಿಗೆ ಸುಮಾರು 10 ಓಮ್. ಹೀಗಾಗಿ ಅಲ್ಲಿ ವೈರನ್ನು ಅರ್ತಿಂಗ್‌ಗೆ ಸೇರಿಸಿದರೆ ಮುಳ್ಳು ‘ಎಫ್’ಗೆ ಏರುತ್ತದೆ, ಬಿಡಿಸಿದರೆ ‘ಇ’ಗೆ ಬೀಳುತ್ತದೆ. ನಿಮ್ಮ ಮೆಕ್ಯಾನಿಕ್ ಹೇಳಿದ ವೋಲ್ಟೇಜ್ ರೆಗ್ಯುಲೇಟರ್ ಕೂಡ ಫೋರ್ಡ್ ಗಾಡಿಗಳ ವಿಷಯ. ಅವುಗಳ ಗೇಜಿನೊಳಗೆ ಕಾಯಿಲ್‌ಗಳ ಬದಲು ಬಿಸಿಯಾದಾಗ ಬಾಗುವ ಜೋಡಿ ಲೋಹದ ಪಟ್ಟಿಯಿದ್ದು, ಅದಕ್ಕೆ ಸರಾಸರಿ 5 ವೋಲ್ಟ್ ಮಾತ್ರ ಸಿಗುವಂತೆ ಮಾಡಲು ಒಂದು ಪುಟ್ಟ ರೆಗ್ಯುಲೇಟರ್ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತಿರುತ್ತದೆ. ಅದು ಕೆಟ್ಟರೆ ಪೆಟ್ರೋಲ್ ಗೇಜ್ ಮತ್ತು ಟೆಂಪರೇಚರ್ ಗೇಜ್ ಎರಡೂ ಒಟ್ಟಿಗೆ ದಾರಿ ತಪ್ಪುತ್ತವೆ. ನಿಮ್ಮ ಸಿ10ರಲ್ಲಿ ಅಂತಹ ರೆಗ್ಯುಲೇಟರ್ ಇಲ್ಲವೇ ಇಲ್ಲ. ಎರಡು ಕಾಯಿಲ್‌ಗಳ ಗೇಜಿನಲ್ಲಿ ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಎರಡು ಕಡೆಯ ಎಳೆತ ಸಮನಾಗಿ ಏರಿಳಿಯುವುದರಿಂದ ಮುಳ್ಳಿನ ಜಾಗ ಬದಲಾಗುವುದಿಲ್ಲ, ಆದ್ದರಿಂದ ಅದಕ್ಕೆ ರೆಗ್ಯುಲೇಟರ್ ಬೇಕಾಗಿಲ್ಲ.

ಇನ್ನೊಂದು ಮಾತು. ಹೊಸ ಸೆಂಡರ್ ನಿಮ್ಮ ಗೇಜಿಗೆ ಹೊಂದುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ. ಜನರಲ್ ಮೋಟಾರ್ಸ್ ಗಾಡಿಗಳಲ್ಲಿ 1964ರವರೆಗೆ ಸಾಮಾನ್ಯವಾಗಿ 0ಯಿಂದ 30 ಓಮ್ ಸೆಂಡರ್ ಇರುತ್ತಿತ್ತು, 1965ರಿಂದ 0ಯಿಂದ 90 ಬಂದಿತು. 30ರ ಗೇಜಿಗೆ 90ರ ಸೆಂಡರ್ ಹಾಕಿದರೆ ಟ್ಯಾಂಕಿನ ಮೂರನೇ ಒಂದು ಭಾಗಕ್ಕೇ ಮುಳ್ಳು ‘ಎಫ್’ ಮುಟ್ಟಿಬಿಡುತ್ತದೆ. ಹೊರಗಿನ ಮಾರುಕಟ್ಟೆಯ ಗೇಜುಗಳಿಗೆಂದು ಬರುವ ಸೆಂಡರುಗಳಲ್ಲಿ ಖಾಲಿಗೆ 240, ತುಂಬಿದ್ದಕ್ಕೆ 33 ಓಮ್ ಇರುವುದೂ ಉಂಟು. ಪೆಟ್ಟಿಗೆಯ ಮೇಲೆ ಗಾಡಿಯ ಹೆಸರಷ್ಟೇ ಅಲ್ಲ, ಓಮ್ ಅಂಕಿಯನ್ನೂ ಓದಿ.

ಗೇಜನ್ನು ಇನ್ನಷ್ಟು ನಂಬಿಕೆಯಿಂದ ಪರೀಕ್ಷಿಸಬೇಕೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡು ವಾಟಿನ 47 ಓಮ್ ರೆಸಿಸ್ಟರ್ ಒಂದನ್ನು ತನ್ನಿ. ಅದು ಬಹಳ ಅಗ್ಗ. ತಿಳಿಗಂದು ವೈರಿಗೂ ಶುದ್ಧ ಲೋಹಕ್ಕೂ ನಡುವೆ ಅದನ್ನು ಸೇರಿಸಿ ಕೀ ತಿರುಗಿಸಿದರೆ ಮುಳ್ಳು ಹೆಚ್ಚುಕಡಿಮೆ ನಟ್ಟನಡುವೆ ನಿಲ್ಲಬೇಕು. ಹಾಗೆ ನಿಲ್ಲದೆ ಬಹಳ ದೂರ ಸರಿದರೆ, ಆಗ ಮಾತ್ರ ಫಲಕವನ್ನು ಬಿಚ್ಚಿ ಹಿಂಬದಿಯ ತೆಳು ಪ್ರಿಂಟೆಡ್ ಸರ್ಕ್ಯೂಟಿನಲ್ಲಿ ಹಸಿರುಗಟ್ಟಿದ ತಾಮ್ರವಿದೆಯೇ, ಗೇಜಿನ ನಟ್‌ಗಳು ಸಡಿಲವಾಗಿವೆಯೇ ಎಂದು ನೋಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೇಳಿದ ಕ್ರಮದಲ್ಲೇ ಪರೀಕ್ಷಿಸಿದೆ. ತಿಳಿಗಂದು ವೈರನ್ನು ಬಾಗಿಲಿನ ಹಿಂಜಿನ ಬೋಲ್ಟ್‌ಗೆ ಸೇರಿಸಿ ಕೀ ತಿರುಗಿಸಿದಾಗ ಮುಳ್ಳು ನೇರವಾಗಿ ‘ಇ’ಗೆ ಇಳಿಯಿತು. ರೆಸಿಸ್ಟರ್ ಸೇರಿಸಿದಾಗ ಅರ್ಧದ ಗೆರೆಯ ಮೇಲೆಯೇ ನಿಂತಿತು. ಟರ್ಮಿನಲ್‌ನಿಂದ ಸೆಂಡರಿನ ತಟ್ಟೆಗೆ 46 ಓಮ್ ಬಂದರೆ, ಬ್ಯಾಟರಿ ನೆಗೆಟಿವ್‌ಗೆ ಅಳೆದಾಗ ಮೀಟರ್ ಯಾವ ಅಂಕಿಯನ್ನೂ ತೋರಿಸಲಿಲ್ಲ.

ಕಪ್ಪು ವೈರಿನ ಸ್ಕ್ರೂ ಬಿಚ್ಚಿ ನೋಡಿದೆ. ವೈರಿನ ತುದಿಯ ಉಂಗುರದ ಅಡಿಯಲ್ಲಿ ಪೇಂಟ್ ಹೊಳೆಯುತ್ತಲೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ತೂತಿನ ತಿರುಪು ಗೆರೆಗಳೊಳಗೂ ಪ್ರೈಮರ್ ಗಟ್ಟಿಯಾಗಿ ಕೂತಿತ್ತು. ಉಂಗುರದ ಅಗಲದಷ್ಟು ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆ. ಈಗ ಮುಳ್ಳು ಅರ್ಧದಲ್ಲಿದೆ.

ಒಂದು ಸಣ್ಣ ತೊಡಕು ಉಳಿದಿದೆ. ಪೆಟ್ರೋಲ್ ಪೂರ್ತಿ ಕಡಿಮೆಯಾದಾಗಲೂ ಮುಳ್ಳು ‘ಇ’ಗೆ ಇಳಿಯದೆ, ಎಂಟನೇ ಒಂದು ಭಾಗದ ಸುಮಾರಿಗೆ ನಿಲ್ಲುತ್ತದೆ. ಇದು ಉಳಿದ ಅರ್ತಿಂಗ್ ದೋಷವೋ, ಸೆಂಡರಿನ ದೋಷವೋ?

ಮೊದಲ ಉತ್ತರ ಬರೆದವರಿಂದ

ಅದೇ ಎರಡು ಅಳತೆಗಳನ್ನು ಟ್ಯಾಂಕ್ ಖಾಲಿಯಿರುವಾಗ ಮತ್ತೆ ತೆಗೆದುಕೊಳ್ಳಿ. ಅರ್ತಿಂಗ್‌ನಲ್ಲಿ ರೋಧ ಉಳಿದಿದ್ದರೆ ತಟ್ಟೆಗೆ ಸೊನ್ನೆಯ ಹತ್ತಿರವೂ ಬ್ಯಾಟರಿಗೆ ಹತ್ತು ಹನ್ನೆರಡು ಓಮ್ ಹೆಚ್ಚೂ ಬರುತ್ತದೆ. ಅಲ್ಲದೆ ಆ ಹೆಚ್ಚುವರಿ ರೋಧ ಎಲ್ಲ ಮಟ್ಟದಲ್ಲೂ ಸೇರಿಕೊಳ್ಳುವುದರಿಂದ ಟ್ಯಾಂಕ್ ತುಂಬಿದಾಗ ಮುಳ್ಳು ‘ಎಫ್’ ದಾಟುತ್ತದೆ. ನಿಮ್ಮಲ್ಲಿ ಅರ್ಧದ ಅಳತೆ ಸರಿ ಬಂದಿದೆ. ತಟ್ಟೆಗೇ ಹತ್ತು ಓಮ್ ಬಂದರೆ ತಪ್ಪಿರುವುದು ಫ್ಲೋಟ್ ತೋಳಿನ ಬಾಗು. ಈಗ ಸಿಗುವ ಹೊಸ ಸೆಂಡರುಗಳಲ್ಲಿ ಇದು ತೀರ ಸಾಮಾನ್ಯ. ತೋಳು ತನ್ನ ಕೆಳತುದಿಯನ್ನು ಮುಟ್ಟುವ ಮೊದಲೇ ಫ್ಲೋಟ್ ಟ್ಯಾಂಕಿನ ತಳಕ್ಕೆ ತಾಗಿ ನಿಂತುಬಿಡುತ್ತದೆ.

ಸೆಂಡರ್ ಹೊರತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗಾಡಿಯನ್ನು ಗ್ಯಾರೇಜಿನಿಂದ ಬಯಲಿಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಕ್ಯಾಬಿನ್ನಿನ ನೆಲದಲ್ಲಿಯೂ ಗ್ಯಾರೇಜಿನ ಮೂಲೆಯಲ್ಲಿಯೂ ಕೂತುಕೊಳ್ಳುತ್ತದೆ, ಅಲ್ಲಿ ನೀರು ಕಾಯಿಸುವ ಹೀಟರಿನ ಒಂದು ಜ್ವಾಲೆ ಸಾಕು. ಲಾಕ್ ರಿಂಗ್ ಇರುವ ಸೆಂಡರಾದರೆ ಅದನ್ನು ತಿರುಗಿಸಲು ಉಕ್ಕಿನ ಉಳಿ ಬಳಸದೆ ಹಿತ್ತಾಳೆಯ ಪಂಚ್ ಬಳಸಿ. ಹೊರಬಂದ ಸೆಂಡರನ್ನು ಮೀಟರಿಗೆ ಜೋಡಿಸಿ, ತೋಳನ್ನು ಕೆಳತುದಿಯಿಂದ ಮೇಲ್ತುದಿಯವರೆಗೆ ನಿಧಾನವಾಗಿ ಸರಿಸಿ. ಅಂಕಿ ಎಲ್ಲಿಯೂ ನೆಗೆಯದೆ 0ಯಿಂದ 90ಕ್ಕೆ ಏರಬೇಕು. ಸರಿಯಾಗಿ ಏರಿದರೆ ತೋಳನ್ನು ಇಕ್ಕಳದಿಂದ ಎರಡು ಕಡೆ ಹಿಡಿದು, ಫ್ಲೋಟ್ ತುಸು ಮೇಲಕ್ಕೆ ಬರುವಂತೆ ಬಾಗಿಸಿ. ಬಲವೆಲ್ಲ ತಂತಿಯ ಮೇಲೆಯೇ ಇರಲಿ, ಕೀಲಿನ ಮೇಲೆ ಬೀಳಬಾರದು. ಹಳೆಯ ಹಿತ್ತಾಳೆ ಫ್ಲೋಟ್ ಬಳಸುತ್ತಿದ್ದರೆ ಅದನ್ನು ಕಳಚಿ, ಪೆಟ್ರೋಲ್ ಪೂರ್ತಿ ಆರಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ನೋಡಿ. ಗುಳ್ಳೆ ಬಂದರೆ ಅದರಲ್ಲಿ ಸಣ್ಣ ತೂತಿದೆ ಎಂದರ್ಥ.

ಹೀಗೆ ಬಾಗಿಸಿದಾಗ ತುಂಬಿದ ಟ್ಯಾಂಕಿಗೆ ಮುಳ್ಳು ‘ಎಫ್’ಗಿಂತ ಸ್ವಲ್ಪ ಹಿಂದೆಯೇ ನಿಲ್ಲಬಹುದು. ಅದನ್ನು ಹಾಗೆಯೇ ಬಿಡಿ. ತುಂಬಿಸಿದ್ದು ನಿಮಗೆ ಹೇಗೂ ಗೊತ್ತಿರುತ್ತದೆ. ಟೆಕ್ಸಸ್‌ನ ಉದ್ದನೆಯ ಹೆದ್ದಾರಿಗಳಲ್ಲಿ ಗೇಜ್ ನಿಜ ಹೇಳಬೇಕಾದದ್ದು ‘ಇ’ಯ ಹತ್ತಿರ. ಸೆಂಡರನ್ನು ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಸೀಟಿನ ಹಿಂಬದಿ ಹೇಗೂ ತೆರೆದಿರುತ್ತದಾದ್ದರಿಂದ ಪೆಟ್ರೋಲ್ ತುಂಬುವ ಕೊಳವೆಯ ರಬ್ಬರನ್ನೂ ಕೈಯಾಡಿಸಿ ನೋಡಿ. ಅಲ್ಲಿ ಬಿರುಕು ಕಂಡರೆ, ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯುವ ಹೊಸ ರಬ್ಬರನ್ನು ಅಂದೇ ಹಾಕಿಸಿ. ಈ ಗಾಡಿಗಳಲ್ಲಿ ಟ್ಯಾಂಕೂ ನೀವೂ ಒಂದೇ ಕ್ಯಾಬಿನ್ನಿನೊಳಗೆ ಇರುತ್ತೀರಿ.