ಸುಡಾನಿನ ಅಡುಗೆಮನೆಗಳಿಗಾಗಿ ಮಾರುವ ಬ್ರೆಡ್ ಎರಡೇ ದಿನಕ್ಕೆ ಕೆಡುತ್ತಿದೆ, ಏನು ಮಾಡಲಿ?

ಕುಲಶೇಖರದ ನರ್ಸ್:

ಹದಿನೆಂಟು ವರ್ಷ ಸೌದಿಯ ಆಸ್ಪತ್ರೆಯಲ್ಲಿ ದುಡಿದು ಈಗ ಮಂಗಳೂರಿನ ಮನೆಯಲ್ಲಿದ್ದೇನೆ. ಅಲ್ಲಿ ನನ್ನ ಜೊತೆ ರಾತ್ರಿ ಪಾಳಿಯಲ್ಲಿದ್ದವಳು ಸುಡಾನಿನ ಓಮ್ಡರ್ಮನ್‌ನವಳು. ಎರಡು ಗಂಟೆ ರಾತ್ರಿಗೆ ಅವಳ ಡಬ್ಬಿಯಲ್ಲಿ ಕಿಸ್ರಾ ಇರುತ್ತಿತ್ತು. ಹುಳಿ ಬಂದ ಜೋಳದ ಹಿಟ್ಟನ್ನು ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ಮಾಡಿದ್ದು. ನನ್ನ ಡಬ್ಬಿಯಲ್ಲಿ ನೀರುದೋಸೆ. ಬದಲಾಯಿಸಿಕೊಂಡು ತಿನ್ನುತ್ತಿದ್ದೆವು.

ಅವಳು ಊರಿಗೆ ಮರಳಿದ ಮೇಲೆ, 2023ರ ಏಪ್ರಿಲ್ 15ರಂದು, ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತು. ಈಗ ಅವಳು ತನ್ನ ಓಣಿಯ ತಕಾಯಾದಲ್ಲಿ ಸೌಟು ಹಿಡಿದಿದ್ದಾಳೆ. ತಕಾಯಾ ಎಂದರೆ ಓಣಿಯವರೇ ಸೇರಿ ನಡೆಸುವ ಅಡುಗೆಮನೆ. ದೊಡ್ಡ ಪಾತ್ರೆಗಳಲ್ಲಿ ಬೇಳೆಯನ್ನೋ ಫೂಲ್ ಎಂಬ ಕಾಳನ್ನೋ ಬೇಯಿಸಿ ಬಡಿಸುತ್ತಾರೆ. ಹಣ ಬಂದ ದಿನ ಒಲೆ ಹತ್ತುತ್ತದೆ, ಬಾರದ ದಿನ ಇಲ್ಲ. ಕಳೆದ ತಿಂಗಳು ಅವಳು ಕಳುಹಿಸಿದ ಚಿತ್ರದಲ್ಲಿ ಮಕ್ಕಳು ತಂದಿಟ್ಟ ಖಾಲಿ ಪಾತ್ರೆಗಳ ಸಾಲು ಮಾತ್ರ ಇತ್ತು. ಒಂದರ ಹಿಡಿ ಮುರಿದಲ್ಲಿ ಬಟ್ಟೆ ಸುತ್ತಿದ್ದರು.

ಅಂದಿನಿಂದ ಪ್ರತಿ ಶನಿವಾರ ಬೆಳಗಿನ ಜಾವ ಮೂರಕ್ಕೆ ಎದ್ದು ಹದಿನಾರು ಹಾಲಿನ ಬ್ರೆಡ್ ಬೇಯಿಸಿ ಅಂಥ ಅಡುಗೆಮನೆಗಳಿಗಾಗಿ ಮಾರುತ್ತೇನೆ. ಒಂದಕ್ಕೆ 80 ರೂಪಾಯಿ, ಅಸಲು 38. ಆರು ವಾರಕ್ಕೆ 3,792 ರೂಪಾಯಿ ಉಳಿದಿದೆ. ಆದರೆ ಈ ಮಳೆಗಾಲದಲ್ಲಿ ಮೂರು ಬ್ರೆಡ್ ವಾಪಸು ಬಂದವು, ಅವುಗಳ ಹಣ ಮರಳಿಸಿದ್ದನ್ನು ಕಳೆದೇ ಈ ಲೆಕ್ಕ. ಹೊರಗೆ ಬೂಸ್ಟು ಇಲ್ಲ. ಮುರಿದರೆ ಒಳಗಿನ ತಿರುಳು ಅಂಟಂಟು, ಹಲಸಿನ ಮೇಣದಂತೆ ನೂಲು ಎಳೆಯುತ್ತದೆ, ಕಳಿತ ಅನಾನಸಿನ ವಾಸನೆ. ಈಸ್ಟ್ ಹೆಚ್ಚಾಯಿತೇ? ಹಣವನ್ನು ಯಾವ ದಾರಿಯಲ್ಲಿ ಕಳುಹಿಸಬೇಕು? ಕುವೈಟಿನಲ್ಲಿರುವ ತಮ್ಮನೂ ಕೆನಡಾದ ಅಕ್ಕನ ಮಗಳೂ ಸೇರಿಸುತ್ತೇವೆ ಎನ್ನುತ್ತಿದ್ದಾರೆ. ನೆರೆಯವರೊಬ್ಬರು "ನಮ್ಮ ಊರಿನಲ್ಲಿ ಬಡವರಿಲ್ಲವೇ?" ಎಂದು ಕೇಳಿದರು. ಎರಡು ದಿನ ನಿದ್ದೆ ಬರಲಿಲ್ಲ.

ಮಲ್ಪೆ ಬೇಕರಿ:

ಅಕ್ಕ, ಈಸ್ಟಿನ ತಪ್ಪಲ್ಲ. ಅದು ಹಿಟ್ಟಿನ ಜೊತೆ ಬರುವ ಒಂದು ಬ್ಯಾಕ್ಟೀರಿಯಾ. ಅದರ ಬೀಜಕಣಗಳು ಓವನ್ನಿನ ಶಾಖಕ್ಕೂ ಸಾಯುವುದಿಲ್ಲ, ನಮ್ಮ ಕರಾವಳಿಯ ಸೆಕೆಗೆ ಮತ್ತೆ ಎದ್ದು ಕೂರುತ್ತವೆ. ಅದಕ್ಕೆ ಹುಳಿ ಆಗದು. ಕಿಲೋ ಮೈದಾಕ್ಕೆ ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ, ರುಚಿ ಕೆಡುವುದಿಲ್ಲ. ಹಿಟ್ಟಿನ ಡಬ್ಬ ಪೂರ್ತಿ ಖಾಲಿ ಮಾಡಿ. ಕಲಸುವ ಪಾತ್ರೆ, ಹಲಗೆ, ಅಚ್ಚು ಎಲ್ಲವನ್ನೂ ವಿನೆಗರ್ ನೀರಿನಲ್ಲಿ ಒರೆಸಿ ಒಣಗಿಸಿ. ಬ್ರೆಡ್ ನಡುವಿನವರೆಗೂ ಬೆಂದಿರಬೇಕು. ಅಚ್ಚಿನಿಂದ ಕೂಡಲೇ ತೆಗೆದು ತಂತಿಯ ಜಾಲರಿಯ ಮೇಲೆ ಎರಡು ಮೂರು ಗಂಟೆ ಆರಲು ಬಿಡಿ. ಬಿಸಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಎಲ್ಲ ಶ್ರಮವೂ ನೀರಿನಲ್ಲಿ ಹೋಮ. ನೂಲು ಬಂದದ್ದನ್ನು ಯಾರೂ ತಿನ್ನಬಾರದು. ಇನ್ನೊಂದು, ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಆನ್‌ಲೈನ್‌ನಲ್ಲೇ ಮಾಡಿಸಿಕೊಳ್ಳಿ.

ಲೆಕ್ಕದ ಪುಸ್ತಕ:

ಸಿಸ್ಟರ್, ತಮ್ಮನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ಕಾನೂನಿನ ಪ್ರಕಾರ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಕ್ಕನ ಮಗಳು ಕೆನಡಾದ ಪೌರತ್ವ ಪಡೆದಿದ್ದರೆ ಅವಳ ಹಣವನ್ನು ಇದಕ್ಕೆಂದು ನಿಮ್ಮ ಖಾತೆಗೆ ತರಿಸಿಕೊಳ್ಳಬೇಡಿ. ಅಲ್ಲಿಂದಲೇ ನೇರವಾಗಿ ಕೊಡಲಿ. ಗೆಳತಿಯ ಖಾತೆಗೆ ಹಣ ಹಾಕುವ ದಾರಿ ಹುಡುಕುವುದಕ್ಕಿಂತ ವಿಶ್ವ ಆಹಾರ ಕಾರ್ಯಕ್ರಮದ 'ಶೇರ್ ದ ಮೀಲ್' ಆ್ಯಪ್ ನೋಡಿ. ಆ ಸಂಸ್ಥೆ ಸುಡಾನಿನ ಇಂಥ ಅಡುಗೆಮನೆಗಳಿಗೂ ನೆರವು ಕೊಟ್ಟಿದೆ. ಪ್ರತಿ ಸಲದ ರಸೀದಿಯನ್ನು ಬ್ರೆಡ್ ಕೊಂಡವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಕೇಳುವವರೆಗೆ ಕಾಯಬೇಡಿ.

ಉಡುಪಿಯಲ್ಲಿರುವ ಶಿವಮೊಗ್ಗದವನು:

ನೆರೆಯವರ ಪ್ರಶ್ನೆಗೆ ನನ್ನದೊಂದು ಮಾತು. ಯುದ್ಧ ಶುರುವಾದಾಗ ನಮ್ಮ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿದ್ದರು, ಗಿಡಮೂಲಿಕೆ ಮಾರಲು ಹೋದವರು. ಎಲ್ ಫಾಶೆರ್ ನಗರದಲ್ಲಿ ನೀರು, ಅನ್ನ ಇಲ್ಲದೆ ಸಿಕ್ಕಿಬಿದ್ದಿದ್ದರು. ಆಪರೇಷನ್ ಕಾವೇರಿಯಲ್ಲಿ ಸರ್ಕಾರ ಭಾರತೀಯರನ್ನು ಕರೆತಂದಿತು. ಎಲ್ ಫಾಶೆರ್‌ನ ಸ್ಥಳೀಯರನ್ನು ಕರೆದೊಯ್ಯಲು ಯಾವ ವಿಮಾನವೂ ಬರಲಿಲ್ಲ. ಅದರ ಪಕ್ಕದ ಝಮ್‌ಝಮ್ ಶಿಬಿರದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷಾಮ ಘೋಷಣೆಯಾಯಿತು. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ನಗರವೇ ಅರೆಸೇನಾ ಪಡೆಯ ಕೈಸೇರಿತು. ನಮ್ಮವರು ಹೊರಬಂದರು ಎಂದು ಆ ಊರನ್ನು ನಾನು ಮರೆಯಲಾರೆ. ಶನಿವಾರ ಮಂಗಳೂರಿಗೆ ಬರುತ್ತಿದ್ದೇನೆ, ನಾಲ್ಕು ಬ್ರೆಡ್ ನನಗೆ ಇಡಿ.

ಕುಲಶೇಖರದ ನರ್ಸ್:

ಎಲ್ಲರಿಗೂ ಕೃತಜ್ಞತೆ. ಡಬ್ಬ ಖಾಲಿ ಮಾಡಿ ಹೊಸ ಮೈದಾ, ವಿನೆಗರ್ ತಂದೆ. ಇಂದು ಪರೀಕ್ಷೆಗೆಂದು ಒಂದನ್ನು ಬೇಯಿಸಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟಿದ್ದೇನೆ. ಮೂರನೆಯ ದಿನ ಮುರಿದು ನೋಡಿ ಇಲ್ಲೇ ಬರೆಯುತ್ತೇನೆ. ನೆರೆಯವರಿಗೆ ಆ ಪಾತ್ರೆಗಳ ಚಿತ್ರ ತೋರಿಸಿದೆ. ಏನೂ ಹೇಳಲಿಲ್ಲ. ಸಂಜೆ ಮಗನ ಕೈಯಲ್ಲಿ ತಮ್ಮ ಮನೆಯ ತಂತಿಯ ಜಾಲರಿ ಕೊಟ್ಟು ಕಳುಹಿಸಿದ್ದಾರೆ.